ಇಸ್ಹಾಕ್ ಸಾಹೇಬರ ಸ್ಟೂಲು

ಜನವರಿ 11, 1963, ಶುಕ್ರವಾರ

ಡಾಕ್ಟರು ಹೇಳಿದರೆಂದು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಜವಳಿ ಅಂಗಡಿಯವನಿಗೆ ಡೈರಿ ಯಾಕೆ? ನನಗೆ ರಕ್ತದೊತ್ತಡವಂತೆ. “ಚಂದ್ರಶೇಖರಪ್ಪನೋರೆ, ಉಪ್ಪು ಕಮ್ಮಿ ಮಾಡಿ. ಕೂಗಾಡೋದು ಇನ್ನೂ ಕಮ್ಮಿ ಮಾಡಿ. ಸಿಟ್ಟು ಬಂತೋ, ಬಾಯಿ ಮುಚ್ಕೊಂಡು ಒಂದು ಪುಸ್ತಕದಲ್ಲಿ ಬರ್ದುಬಿಡಿ” ಎಂದರು. ನನ್ನ ಹೆಂಡತಿ ಜಗದಾಂಬಾ ಪಕ್ಕದಲ್ಲೇ ಕೂತು ತಲೆಯಾಡಿಸಿದಳು. ಹೊಸಮನೆ ಬಡಾವಣೆಯ ನಮ್ಮ ಮನೆ ತಲುಪಿದ್ದೇ ತಡ, ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಮಿಲ್ಲಿನವರು ಹೊಸವರ್ಷಕ್ಕೆ ಪುಕ್ಕಟೆ ಕಳಿಸಿದ ಈ ಡೈರಿ ನನ್ನ ಮುಂದೆ ಬಂತು. ಆದ್ದರಿಂದ ಇದು ಸಿಟ್ಟಿನ ಪುಸ್ತಕ. ಸಿಟ್ಟು ಬಾರದ ದಿನ ಬರೆಯುವುದಿಲ್ಲ. ಹಾಳೆ ಸಾಲದೆ ಹೋದೀತು ಎಂಬುದೊಂದೇ ಚಿಂತೆ.

ಇವತ್ತಿನ ಸಿಟ್ಟು ಹುಸೇನನ ಮೇಲೆ. ಸವಳಂಗ ರಸ್ತೆಯ ನನ್ನ ಅಂಗಡಿಯಲ್ಲಿ ಸೀರೆ ತೋರಿಸುವವರಲ್ಲಿ ಅವನೇ ಹಿರಿಯ, ನಮ್ಮಪ್ಪನ ಕಾಲದಿಂದ ಇದ್ದಾನೆ. ಮಧ್ಯಾಹ್ನ ಗಲ್ಲಾದ ಹತ್ತಿರ ಬಂದು ಕೈಕಟ್ಟಿ ನಿಂತ.

“ಯಜಮಾನ್ರೆ, ಇಸ್ಹಾಕ್ ಸಾಹೇಬ್ರು ತೀರ್ಕೊಂಡು ಮಾರ್ಚಿಗೆ ಒಂದು ವರ್ಷ ಆಗತ್ತೆ. ಅಂಗಡಿ ಕೆಲಸದವರೆಲ್ಲ ಸೇರಿ ಅವರ ನೆನಪಿಗೆ ಒಂದು ಸಭೆ ಮಾಡ್ಬೇಕು ಅಂತಿದ್ದೀವಿ. ವರ್ತಕರ ಸಂಘದ ಹಾಲಿನ ಬೀಗದ ಕೈ ಕಾರ್ಯದರ್ಶಿ ಅಂತ ನಿಮ್ಮ ಹತ್ರ ಇದೆಯಲ್ಲ...”

ಇಸ್ಹಾಕ್ ಸಾಹೇಬರು! ಈ ಊರಿನಲ್ಲಿ ಲೇಬರ್ ಇನ್ಸ್‌ಪೆಕ್ಟರಾಗಿದ್ದು ಅಂಗಡಿ ಮಾಲೀಕರ ನಿದ್ದೆ ಕೆಡಿಸಿದ ಮನುಷ್ಯ. ವಾರಕ್ಕೊಂದು ರಜ ಕೊಡಿಸಿದರು, ರಾತ್ರಿ ಇಂಥ ಹೊತ್ತಿಗೆ ಬಾಗಿಲು ಹಾಕಿ ಎಂದರು. ಅದೆಲ್ಲ ಕಾನೂನು, ಒಪ್ಪಿದೆವು. ಅಷ್ಟಕ್ಕೇ ಬಿಡಲಿಲ್ಲ. ಕೌಂಟರಿನ ಹಿಂದೆ ನಿಲ್ಲುವ ಒಬ್ಬೊಬ್ಬ ಕೆಲಸದವನಿಗೂ ಒಂದೊಂದು ಸ್ಟೂಲು ಇಡಬೇಕು ಎಂದು ಹಟ ಹಿಡಿದು ಇಡಿಸಿದರು. ಅಂಥವರ ಸಭೆಗೆ ನಾನು ಬೀಗ ತೆಗೆಯಬೇಕಂತೆ.

“ನೋಡೋಣ” ಎಂದೆ. ನೋಡೋಣ ಎಂದರೆ ಇಲ್ಲ ಎಂದರ್ಥ. ಅದು ಹುಸೇನನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ “ಆಗ್ಲಿ ಯಜಮಾನ್ರೆ” ಎಂದು ನಗುತ್ತಾ ಹೋದ. ಆ ನಗುವೇ ನನಗೆ ಆಗಿಬರುವುದಿಲ್ಲ.

ಜನವರಿ 12, ಶನಿವಾರ

ನಿನ್ನೆ ಬರೆದದ್ದರಿಂದ ಸಿಟ್ಟು ಇಳಿಯಲಿಲ್ಲ, ಹಳೆಯದೆಲ್ಲ ಎದ್ದು ಬಂತು. ಅದನ್ನೂ ಬರೆದುಬಿಡುತ್ತೇನೆ.

ಏಳು ವರ್ಷದ ಹಿಂದಿನ ಮಾತು. ನಮ್ಮಪ್ಪನ ಕಾಲದಲ್ಲಿ ಅಂಗಡಿಯೆಂದರೆ ಗಾದಿ. ಮಾಲೀಕ, ಕೆಲಸದವರು, ಗಿರಾಕಿ, ಎಲ್ಲರೂ ಅದರ ಮೇಲೇ ಕೂರುತ್ತಿದ್ದರು. ನಾನು ಬೆಂಗಳೂರಿನ ಅಂಗಡಿಗಳನ್ನು ನೋಡಿಬಂದು ಗಾದಿ ತೆಗೆಸಿ ಗಾಜಿನ ಕೌಂಟರ್ ಹಾಕಿಸಿದೆ. ಊರಿಗೇ ಮೊದಲನೆಯದು. ಕೌಂಟರ್ ಬಂದ ಮೇಲೆ ಅದರ ಹಿಂದೆ ಕೆಲಸದವರು ನಿಲ್ಲಲೇಬೇಕಲ್ಲ. ಬೆಳಿಗ್ಗೆಯಿಂದ ರಾತ್ರಿ ತನಕ ನಿಲ್ಲುತ್ತಿದ್ದರು. ನಾನು ಮಾತ್ರ ಗಲ್ಲಾದಲ್ಲಿ ಮೆತ್ತೆ ಹಾಕಿದ ಕುರ್ಚಿಯಲ್ಲಿ.

ಒಂದು ಸಂಜೆ, ಆಫೀಸು ಮುಗಿದ ಮೇಲೆ, ಇಸ್ಹಾಕ್ ಸಾಹೇಬರು ಬಂದರು. ಕುರ್ಚಿ ಕೊಟ್ಟೆ. “ಬೇಡ ಯಜಮಾನ್ರೆ, ಇವರು ಕೂತ ಮೇಲೆ ಕೂರ್ತೀನಿ” ಎಂದು ಹುಸೇನನ ಪಕ್ಕ ಹೋಗಿ ನಿಂತರು. ಸ್ಟೂಲಿನ ಮಾತೆತ್ತಿದರು.

“ಯಾವ ಕಾನೂನಲ್ಲಿದೆ ತೋರ್ಸಿ” ಎಂದೆ.

“ಕಾನೂನಲ್ಲಿಲ್ಲ. ಅದಕ್ಕೇ ಆಫೀಸಿನ ಹೊತ್ತಲ್ಲಿ ಬರ್ಲಿಲ್ಲ. ಕಾಲು ನೋಯೋವಾಗ ಕೂರೋದು ಮನುಷ್ಯನ ಹಕ್ಕು ಯಜಮಾನ್ರೆ. ಕಾನೂನು ಅಲ್ಲೀತನಕ ಇನ್ನೂ ಬಂದಿಲ್ಲ. ಅದು ಬರೋದ್ರೊಳಗೆ ನಾವು ಹೋಗಿ ಕೂತಿರೋಣ.”

ನಾನು ಆಗುವುದಿಲ್ಲ ಎಂದೆ. ಅವರು ಬೈಯಲಿಲ್ಲ, ಹೆದರಿಸಲಿಲ್ಲ. ದಿನಾ ಸಂಜೆ ಬಂದು ಅಂಗಡಿ ಮುಚ್ಚುವ ತನಕ ಹುಸೇನನ ಪಕ್ಕ ನಿಂತರು, ಅಷ್ಟೆ. ಒಂದು ದಿನ ಸವಳಂಗದ ಕಡೆಯ ಹೆಂಗಸೊಬ್ಬಳು ಅವರಿಗೇ “ಆ ಕೆಂಪಂಚಿನ ಸೀರೆ ತೋರ್ಸಪ್ಪ” ಎಂದಳು. ಇವರು ತೆಗೆದು ತೋರಿಸಿಯೇ ಬಿಟ್ಟರು! “ಹೊಸದಾಗಿ ಸೇರಿದ್ದೀಯಾ?” ಎಂದು ಅವಳು ಕೇಳಿದರೆ, “ಹೌದಮ್ಮ, ಹೊಸಬ” ಎಂದರು. ಸರ್ಕಾರಿ ಅಧಿಕಾರಿ! ಸೀರೆ ಮಾರಾಟವೂ ಆಯಿತು. ಆದರೆ ಅವರು ಮಡಚಿಟ್ಟ ಸೀರೆಗಳನ್ನೆಲ್ಲ ಹುಸೇನ ಮತ್ತೆ ಬಿಚ್ಚಿ ಮಡಚಬೇಕಾಯಿತು. ಅಂಗಡಿಯೆಲ್ಲ ನಕ್ಕಿತು. ನನ್ನೊಬ್ಬನನ್ನು ಬಿಟ್ಟು.

ಕೊನೆಗೆ ಕಾಟ ತಪ್ಪಲಿ ಎಂದು ಪೇಟೆಯಲ್ಲಿ ಸಿಕ್ಕ ಅಗ್ಗದ ಸ್ಟೂಲುಗಳನ್ನು ತರಿಸಿ ಹಾಕಿದೆ. ಸಾಹೇಬರು ಹುಸೇನನ ಸ್ಟೂಲನ್ನು ಬೆರಳಿನಿಂದ ತಟ್ಟಿ ನೋಡಿ ನನ್ನ ಕಡೆ ತಿರುಗಿದರು. “ಬಹಳ ಸಂತೋಷ ಯಜಮಾನ್ರೆ. ನೀವೊಂದು ಸಲ ಇದರ ಮೇಲೆ ಕೂತು ನೋಡಿ” ಎಂದರು. ಮಾಲೀಕನಿಗೆ ಕೆಲಸದವನ ಸ್ಟೂಲಿನ ಮೇಲೆ ಕೂರು ಎನ್ನುವ ಮಾತು! ಆಮೇಲೂ ಸಿಕ್ಕಾಗಲೆಲ್ಲ ಇದೇ ಪಲ್ಲವಿ. “ಕೂತು ನೋಡಿದ್ರಾ?” ನಿವೃತ್ತರಾಗಿ ಭದ್ರಾವತಿಗೆ ಹೋಗುವ ದಿನವೂ ಬಂದು ಕೇಳಿದರು. ನಾನು ಕೂರಲಿಲ್ಲ. ಕೂರುವುದೂ ಇಲ್ಲ.

ಜನವರಿ 20, ಭಾನುವಾರ

ಉಪ್ಪಿಲ್ಲದ ಬಸ್ಸಾರು. ಇನ್ನೇನು ಬರೆಯಲಿ?

ಫೆಬ್ರವರಿ 4, ಸೋಮವಾರ

ಸಂಘದ ಅಧ್ಯಕ್ಷ ಶಿವಶಂಕರಪ್ಪ ಬಂದಿದ್ದ. ಅವನದೂ ಜವಳಿ ಅಂಗಡಿಯೇ, ನಮ್ಮ ಎದುರು ಸಾಲಿನಲ್ಲಿ. ಈ ಯುಗಾದಿಗೆ ಅಧ್ಯಕ್ಷ ಪದವಿ ಬಿಡುತ್ತಾನೆ, ನನ್ನನ್ನು ಕೂರಿಸುತ್ತಾನೆ ಎಂದು ಮಾತಾಗಿದೆ. ಕಾರ್ಯದರ್ಶಿಯಾಗಿ ನಾನು ಬೀಗ ತೆಗೆದು ಬೀಗ ಹಾಕಿದ್ದು ಸಾಕು.

“ಮದುವೆ ಸೀಜನ್ ಬಂತು ಮಾರಾಯ. ಚಿನ್ನಕ್ಕೆ ಸರ್ಕಾರ ಕಟ್ಟುಪಾಡು ಹಾಕಿದೆ, ಜನ ಎಲ್ಲ ಸೀರೆಗೇ ಬರ್ತಾರೆ. ಗಿರಾಕಿ ಒಳಗೆ ಬಂದಾಗ ಕೆಲಸದವರು ಸ್ಟೂಲಿನ ಮೇಲೆ ಕೂತಿದ್ರೆ ಏನು ಚೆಂದ? ಸಾಹೇಬ್ರು ಹೋದ್ರು, ಅವರಿಗೆ ಕೊಟ್ಟ ಮಾತೂ ಹೋಯ್ತು. ಯುಗಾದಿಗೆ ಮುಂಚೆ ಒಂದು ಠರಾವು ಮಾಡಿ ಸ್ಟೂಲುಗಳನ್ನ ತೆಗೆಸೋಣ” ಎಂದ. ನಾನು “ಸರಿ” ಎಂದೆ. ನನ್ನ ಮನಸ್ಸಿನಲ್ಲಿದ್ದದ್ದೇ ಅದು.

ಅವನು ಹೋದ ಮೇಲೆ ಒಳಗಿನ ಉಗ್ರಾಣಕ್ಕೆ ಹೋದರೆ ಹುಸೇನ ಪ್ಯಾಂಟಿನ ಕಾಲು ಮಡಚಿಕೊಂಡು ಬಟ್ಟೆಪಟ್ಟಿ ಬಿಗಿಯುತ್ತಿದ್ದ. ಮೊಣಕಾಲ ಕೆಳಗೆ ನರಗಳು ಉಬ್ಬಿ ಗಂಟುಗಂಟಾಗಿದ್ದವು. ರಂಜಾನಿನ ಉಪವಾಸ ಬೇರೆ, ಮುಖ ಬಾಡಿತ್ತು.

“ಏನಿದು?” ಎಂದೆ.

“ನಿಂತು ನಿಂತು ಆಗಿದ್ದು ಯಜಮಾನ್ರೆ. ಹಳೇದು. ನಡುನಡುವೆ ಸ್ಟೂಲಿನ ಮೇಲೆ ಕೂತ್ರೆ ತಡೀತದೆ. ಸ್ಟೂಲೂ ಹೋದ್ರೆ ನಾನು ಮನೆಗೆ ಹೋಗ್ಬೇಕಾಗತ್ತೆ, ಅಷ್ಟೆ.” ಶಿವಶಂಕರಪ್ಪನ ಮಾತು ಅವನ ಕಿವಿಗೆ ಬಿದ್ದಿತ್ತು.

ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ನನಗೆ ಹೇಳದೆ ಇದ್ದಾನಲ್ಲ! ಹುಸೇನ ಮನೆಗೆ ಹೋದರೆ ಮದುವೆ ಸೀರೆ ತೋರಿಸುವವರು ಯಾರು? ಬಂದ ಮದುವೆಯವರು ಮೊದಲು ಕೇಳುವುದೇ “ಹುಸೇನಣ್ಣ ಇದ್ದಾರಾ?” ಎಂದು. ನನ್ನನ್ನು ಯಾರೂ ಕೇಳುವುದಿಲ್ಲ.

ಸಿಟ್ಟಿನಲ್ಲೇ ಜೇಬಿನಿಂದ ಹಾಲಿನ ಕೀಲಿಕೈ ತೆಗೆದು ಅವನ ಕೈಗಿಟ್ಟೆ. “ತಗೋ, ನಿನ್ನ ಸಭೆ ಮಾಡ್ಕೋ. ದಿನಾ ನನ್ನ ಮುಂದೆ ಬಂದು ಹಲ್ಲು ಕಿರೀಬೇಡ” ಎಂದೆ. ಅವನು ಈ ಸಲವೂ ನಕ್ಕ.

ಸ್ಟೂಲಿನ ಠರಾವಿಗೂ ಸಭೆಗೂ ಸಂಬಂಧವಿಲ್ಲ ಎಂದು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಫೆಬ್ರವರಿ 10, ಭಾನುವಾರ

ಭದ್ರಾವತಿಗೆ ಹೋಗಿ ಬಂದೆ. ಹೋಗಲು ಮನಸ್ಸಿರಲಿಲ್ಲ. ಸಂಘದ ಹಾಲಿನಲ್ಲಿ ಸಭೆ ಎಂದ ಮೇಲೆ ಸಾಹೇಬರ ಹೆಂಡತಿಯನ್ನು ಸಂಘದ ಕಾರ್ಯದರ್ಶಿಯೇ ಹೋಗಿ ಕರೆಯಬೇಕು, ಕೆಲಸದವರು ಕರೆದರೆ ಏನು ಮರ್ಯಾದೆ ಎಂದು ಜಗದಾಂಬಾ ಅಂದಳು. ಅವಳಿಗೆ ನನ್ನನ್ನು ಹೇಗೆ ಎಬ್ಬಿಸಬೇಕೆಂದು ಗೊತ್ತು.

ರೈಲಿನಲ್ಲಿ ಕಾರ್ಖಾನೆಯವರ ಗದ್ದಲ. ಒಬ್ಬ ತಮಿಳಿನಲ್ಲಿ ಕೇಳಿದರೆ ಇನ್ನೊಬ್ಬ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ. ಹಳೇ ಪಟ್ಟಣದಲ್ಲಿ ಇಳಿದು ವಿಚಾರಿಸಿದೆ. “ನಿಂತ್ಕೊಂಡಿರೋ ಸಾಹೇಬ್ರ ಮನೇನಾ?” ಎಂದು ಸೈಕಲ್ ಅಂಗಡಿಯವನೇ ಕರೆದೊಯ್ದ. ನಿವೃತ್ತರಾದ ಮೇಲೂ ಇಲ್ಲಿ ಕಾರ್ಖಾನೆಯವರ ಪಕ್ಕ ಹೋಗಿ ನಿಲ್ಲುತ್ತಿದ್ದರಂತೆ.

ಮನೆ ಸಣ್ಣದು. ಜಗಲಿಯ ಮೇಲೆ ಉದ್ದನೆಯ ಬೆಂಚು. ಅದರ ಒಂದು ತುದಿಯಲ್ಲಿ ಸೊಪ್ಪಿನವಳು ಬುಟ್ಟಿ ಇಳಿಸಿ ಆರಾಮಾಗಿ ಕೂತಿದ್ದಳು. ಅಖ್ತರ್ ಬೀ ಬಾಗಿಲಿಗೆ ಬಂದರು. ತೆಳ್ಳಗಿನ ಹೆಂಗಸು, ಕಣ್ಣಿನಲ್ಲಿ ಮಾತ್ರ ತುಂಟತನ. ಹೆಸರು ಹೇಳಿದೆ.

“ಓ, ಸವಳಂಗ ರೋಡಿನ ಚಂದ್ರಶೇಖರಪ್ಪನೋರು! ಬನ್ನಿ ಭಾಯಿ, ಕೂತ್ಕೊಳ್ಳಿ. ನಿಮ್ಮ ಅಂಗಡಿಯಿಂದ ಬಂದ ದಿನ ಇವರ ಕಾಲು ಹೀಗೆ ಊದಿರ್ತಿತ್ತು” ಎಂದು ಎರಡು ಕೈಯಲ್ಲಿ ಗಾತ್ರ ತೋರಿಸಿದರು. “ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಕೊಂಡು ನಗ್ತಾ ಕೂರೋರು. ‘ನಾಳೆ ಹೋಗ್ಬೇಡಿ’ ಅಂದ್ರೆ, ‘ಇಲ್ಲ ಬೀ, ಆ ಮನುಷ್ಯನಿಗೆ ಸಿಟ್ಟು ಜಾಸ್ತಿ, ಸುಳ್ಳು ಇಲ್ಲ. ಅಂಥವರು ಒಂದಿನ ಕೂತೇ ಕೂರ್ತಾರೆ’ ಅನ್ನೋರು.”

ನನ್ನ ಬೆನ್ನ ಹಿಂದೆ ನನ್ನನ್ನು ಹೊಗಳುವುದಕ್ಕೆ ಇವರಿಗೆ ಯಾರು ಹೇಳಿದ್ದರು? ಸಂಜೆ ಅಂಗಡಿ ಮುಚ್ಚುವಾಗ ಅವರು ಮೆಟ್ಟಿಲು ಇಳಿಯುತ್ತಿದ್ದ ರೀತಿ ನೆನಪಾಯಿತು. ಗೋಡೆ ಹಿಡಿದು ನಿಧಾನಕ್ಕೆ ಇಳಿಯುತ್ತಿದ್ದರು. ಆ ಕಾಲಕ್ಕೆ ಅದನ್ನು ಗತ್ತು ಎಂದುಕೊಂಡಿದ್ದೆ.

ಅವರು ಉಪವಾಸದಲ್ಲಿದ್ದರೂ ನನಗೆ ಟೀ ಮಾಡಿ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಸೊಪ್ಪಿನವಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಕುಡಿದೆವು. ಸಭೆಗೆ ಇಡಲು ಒಂದು ಫೋಟೊ ಕೇಳಿದೆ.

“ಫೋಟೊಗೆ ಹಾರ ಹಾಕೋದು ನಮ್ಮಲ್ಲಿಲ್ಲ ಭಾಯಿ. ಬೇಜಾರು ಮಾಡ್ಕೋಬೇಡಿ. ಅವರ ಬಗ್ಗೆ ನಾಲ್ಕು ನಗೋ ಮಾತು ಆಡಿ, ಸಾಕು. ಅಳೋದಾದ್ರೆ ಮಾತ್ರ ನಾನು ಬರಲ್ಲ” ಎಂದರು. ಬರುವುದಾಗಿ ಒಪ್ಪಿಸಿ ಬಂದೆ.

ಮನೆಗೆ ಬಂದು ಟೀ ಕುಡಿದದ್ದನ್ನು ಹೇಳಿದೆ. “ಸಕ್ಕರೆದೋ ಬೆಲ್ಲದ್ದೋ?” ಎಂದು ಕೇಳಿದಳು ಜಗದಾಂಬಾ, ಅಷ್ಟೇ. ಇವತ್ತು ಸಿಟ್ಟಿನ ವಿಷಯವೇ ಇಲ್ಲದೆ ಇಷ್ಟು ಬರೆದೆನಲ್ಲ. ಹಾಳೆ ದಂಡ.

ಫೆಬ್ರವರಿ 11, ಸೋಮವಾರ

ಶಿವಶಂಕರಪ್ಪ ಕೂಗಾಡಿದ. “ಹಾಲ್ ಕೊಟ್ಯಂತೆ! ಸ್ಟೂಲ್ ತೆಗೆಸೋ ಹೊತ್ತಲ್ಲಿ ಸ್ಟೂಲ್ ಸಾಹೇಬ್ರ ಸಭೆ! ನಿನ್ನನ್ನ ಅಧ್ಯಕ್ಷ ಮಾಡೋದು ಹೆಂಗೆ ಮಾರಾಯ?” ನಾನೂ ಕೂಗಾಡಿದೆ. “ಬೇಡ ಹೋಗು. ಕೊಟ್ಟ ಕೀಲಿಕೈ ವಾಪಸ್ ಇಸ್ಕೊಳ್ಳಲ್ಲ.” ಆಮೇಲೆ ತಣ್ಣಗೆ ಹೇಳಿದೆ: “ಸಭೆಗೆ ಮಾಲೀಕರೂ ಬರ್ಬೇಕು. ನೀನೇ ಅಧ್ಯಕ್ಷ, ನೀನೇ ಬರದಿದ್ರೆ ಊರು ಏನನ್ನತ್ತೆ?” ಊರು ಏನನ್ನುತ್ತದೆ ಎಂದರೆ ಶಿವಶಂಕರಪ್ಪ ಎಲ್ಲಿಗೆ ಬೇಕಾದರೂ ಬರುತ್ತಾನೆ. “ಬಂದು ಕೂತು ಎದ್ದು ಹೋಗ್ತೀನಿ. ಠರಾವು ಮಾತ್ರ ನಿಲ್ಲಲ್ಲ” ಎಂದ.

ಕೂಗಾಡಿದ್ದನ್ನು ಡಾಕ್ಟರಿಗೆ ಹೇಳಬಾರದು.

ಫೆಬ್ರವರಿ 22, ಶುಕ್ರವಾರ, ಶಿವರಾತ್ರಿ

ನನ್ನದೂ ಉಪವಾಸ, ಹುಸೇನನದೂ ಉಪವಾಸ. ಅವನದು ನೀರೂ ಇಲ್ಲದ್ದು. ನನ್ನದು ಹಾಲು, ಬಾಳೆಹಣ್ಣು, ಖರ್ಜೂರ, ನೆನೆಸಿದ ಕಡಲೆ ಎಲ್ಲ ಇರುವಂಥದ್ದು. ಆದರೂ ಹನ್ನೊಂದು ಗಂಟೆಗೇ ನನಗೆ ತಲೆ ತಿರುಗುತ್ತಿತ್ತು. ಹುಸೇನ ಮಾತ್ರ ನಗುನಗುತ್ತಾ ಒಬ್ಬ ಮದುಮಗಳಿಗೆ ಸೀರೆಯ ಮೇಲೆ ಸೀರೆ ಬಿಚ್ಚುತ್ತಿದ್ದ.

ಗಿರಾಕಿ ಹೋದ ಮೇಲೆ “ಕೂತ್ಕೊಳೋ” ಎಂದೆ.

“ಪರವಾಗಿಲ್ಲ ಯಜಮಾನ್ರೆ.”

ಆಗ ಗಮನಿಸಿದೆ. ನಾನು ಗಲ್ಲಾದಲ್ಲಿರುವಾಗ ಅವನು ಕೂರುವುದೇ ಇಲ್ಲ. ನಾನು ಊಟಕ್ಕೆ ಹೋದಾಗ, ಬ್ಯಾಂಕಿಗೆ ಹೋದಾಗ ಕೂರುತ್ತಾನೆ. ಕಟ್ಟು ಕಟ್ಟುವ ಭೂತಪ್ಪನೂ ಹಾಗೇ. ಮಾಲೀಕನ ಎದುರು ಕೂರಬಾರದೆಂದು ನಾನೇನೂ ಹೇಳಿಲ್ಲ. ಹೇಳದಿದ್ದರೂ ಅದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ.

ಇವತ್ತು ಕಾರಣವಿಲ್ಲದೆ ನಾಲ್ಕು ಸಲ ಹೊರಗೆ ಹೋಗಿ ಬಂದೆ. ಉಪವಾಸದಲ್ಲಿ ನಡೆದಾಡಿದರೆ ಒಳ್ಳೆಯದಂತೆ. ಸಂಜೆ ಅವನಿಗೆ ಉಪವಾಸ ಬಿಡುವ ಹೊತ್ತಾದಾಗ ನನ್ನ ಖರ್ಜೂರದ ಪೊಟ್ಟಣ ಅವನ ಮುಂದೆ ತಳ್ಳಿದೆ. ಅವನೊಂದು ತಗೊಂಡ, ನನಗೊಂದು ಕೊಟ್ಟ.

ಫೆಬ್ರವರಿ 28, ಗುರುವಾರ

ಹಬ್ಬಕ್ಕೆ ಹುಸೇನನ ಮನೆಯಿಂದ ಬಂದ ಶಾವಿಗೆ ಸುರಕುಂಬಾ ಜಗದಾಂಬಾ ನನಗೆ ಎರಡೇ ಚಮಚ ಕೊಟ್ಟಳು. ಡಾಕ್ಟರು ಸಿಹಿ ಬೇಡವೆಂದು ಎಲ್ಲಿ ಹೇಳಿದ್ದಾರೆ? ಉಪ್ಪು ಬೇಡವೆಂದದ್ದು.

ಸಭೆಗೆ ಜಮಖಾನ ಸಾಕು ಎಂದ ಹುಸೇನ. ಬೇಡವೆಂದು ಶಾಮಿಯಾನದವನಿಗೆ ಎಲ್ಲರಿಗೂ ಸಾಲುವಷ್ಟು ಕುರ್ಚಿ ಹೇಳಿದೆ. ಮಾಲೀಕರಿಗೂ ಕೆಲಸದವರಿಗೂ ಒಂದೇ ತರಹದ ಕುರ್ಚಿ. ಸ್ಟೂಲು ಕೊಡಿಸಿದ ಮನುಷ್ಯನ ಸಭೆಯಲ್ಲಿ ಯಾರೋ ನೆಲದ ಮೇಲೆ ಕೂತರು ಎಂಬ ಮಾತು ಬರಬಾರದು. ನನ್ನ ಏರ್ಪಾಡಿನಲ್ಲಿ ಒಂದು ಲೋಪವೂ ಇಲ್ಲ ನೋಡಿ.

ಮಾರ್ಚ್ 3, ಭಾನುವಾರ

ಲೋಪವಿತ್ತು. ಎಂಥ ಲೋಪ! ಬರೆಯುತ್ತಾ ಬರೆಯುತ್ತಾ ಈಗಲೂ ನಗು ಬರುತ್ತಿದೆ.

ನಾಲ್ಕು ಗಂಟೆಗೆ ಹಾಲ್ ಭರ್ತಿ. ಜವಳಿ, ದಿನಸಿ, ಪಾತ್ರೆ, ಔಷಧಿ, ಎಲ್ಲ ಅಂಗಡಿಗಳ ಕೆಲಸದವರು ಇಸ್ತ್ರಿ ಬಟ್ಟೆಯಲ್ಲಿ. ಭದ್ರಾವತಿಯಿಂದಲೂ ಒಂದು ಗುಂಪು. ಆಮೇಲೆ ಮಾಲೀಕರು ಬಂದರು, ಮುಂದಿನ ಕುರ್ಚಿಗಳಲ್ಲಿ ಕೂತರು. ಅವರು ಕೂತದ್ದೇ ತಡ, ಹಿಂದೆ ಕೂತಿದ್ದ ಕೆಲಸದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿ ಗೋಡೆಗೆ ಸೇರಿಕೊಂಡು ನಿಂತರು! ಹಾಲಿನಲ್ಲಿ ಪ್ರತಿಯೊಬ್ಬನಿಗೂ ತನ್ನ ತನ್ನ ಯಜಮಾನ ಕಾಣಿಸುತ್ತಿದ್ದ. ಎದುರಿಗೆ ಹೇಗೆ ಕೂತಾನು? ಹಾಲಿನ ತುಂಬ ಖಾಲಿ ಕುರ್ಚಿ, ಗೋಡೆಯುದ್ದಕ್ಕೂ ಜನ. ಮಾಲೀಕರನ್ನೂ ಕೆಲಸದವರನ್ನೂ ಒಂದೇ ಸೂರಿನ ಕೆಳಗೆ ಕರೆದು ಎಲ್ಲರಿಗೂ ಕುರ್ಚಿ ಹಾಕಿದ ಜಾಣ ನಾನು.

“ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಕೂಗಿದೆ. “ಪರವಾಗಿಲ್ಲ ಯಜಮಾನ್ರೆ” ಎಂದರು ಎಲ್ಲರೂ ಒಟ್ಟಿಗೆ.

ಆ ಹೊತ್ತಿಗೆ ಜಗದಾಂಬಾ ಅಖ್ತರ್ ಬೀಯವರನ್ನು ಕರೆದುಕೊಂಡು ಒಳಗೆ ಬಂದಳು. ವೇದಿಕೆಯ ಮೇಲೆ ಒಳ್ಳೆಯ ಕುರ್ಚಿ ಹಾಕಿಸಿದ್ದೆ. ಅವರು ಕುರ್ಚಿ ನೋಡಿದರು, ಗೋಡೆಯ ಕಡೆ ನೋಡಿದರು, ನಕ್ಕರು.

“ಅವರು ಕೂತ ಮೇಲೆ ಕೂರ್ತೀನಿ ಭಾಯಿ.”

ಏಳು ವರ್ಷದ ಹಿಂದೆ ನನ್ನ ಅಂಗಡಿಯಲ್ಲಿ ಕೇಳಿದ ಅದೇ ಮಾತು. ಗಂಡ ಬಂದು ನಿಂತ ಹಾಗೇ ಹೆಂಡತಿಯೂ ಬಂದು ನಿಂತರು. ನಾನು ಕೂತಿದ್ದವನು ಎದ್ದೆ. ಜಗದಾಂಬಾ ಅವರ ಪಕ್ಕ ನಿಂತಳು. ಹಿರಿಯ ಹೆಂಗಸು ನಿಂತಿರುವಾಗ ಗಂಡಸರು ಕೂರುವುದು ಹೇಗೆ? ಮಾಲೀಕರೂ ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಶಿವಶಂಕರಪ್ಪನೂ ಎದ್ದ. ಇಡೀ ಹಾಲ್ ನಿಂತಿತು.

“ಸರಿ, ಹೀಗೇ ಶುರು ಮಾಡೋಣ. ಸಾಹೇಬ್ರಿಗೂ ಇದೇ ಅಭ್ಯಾಸ” ಎಂದೆ. ಮೊದಲ ನಗು ಆಗ ಎದ್ದಿತು.

ಹುಸೇನರು ಮಾತಾಡಿದರು. ಕೆಂಪಂಚಿನ ಸೀರೆಯ ಕಥೆ ಹೇಳಿ, ಸಾಹೇಬರು ಸೀರೆ ಮಡಚುತ್ತಿದ್ದ ರೀತಿಯನ್ನು ತಮ್ಮ ಹೆಗಲ ಮೇಲಿನ ಟವೆಲ್ಲಿನಲ್ಲೇ ಮಾಡಿ ತೋರಿಸಿದರು. ನಮ್ಮ ಮಾಲೀಕರ ಸಾಲಿನಲ್ಲಿ ಒಬ್ಬರು ನಗುತ್ತಾ ಕಣ್ಣು ಒರೆಸಿಕೊಂಡರು. ಪಾತ್ರೆ ಅಂಗಡಿಯವನು, ಸಾಹೇಬರು ತನ್ನ ಪಕ್ಕ ನಿಂತು ಕೊಡಪಾನಗಳಿಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದನ್ನು ಹೇಳಿದ. ಔಷಧಿ ಅಂಗಡಿಯವನು ರಜ ಸಿಕ್ಕ ಮೊದಲ ಭಾನುವಾರ ಏನು ಮಾಡಬೇಕೆಂದು ತಿಳಿಯದೆ ಅಂಗಡಿಯ ಮುಂದೆಯೇ ಬಂದು ನಿಂತಿದ್ದನಂತೆ. ಸಾಹೇಬರು ಕೈಹಿಡಿದು ಕರೆದೊಯ್ದು ತುಂಗೆಯ ದಡದಲ್ಲಿ ಕೂರಿಸಿ, “ಇದಕ್ಕೇ ರಜ ಅನ್ನೋದು” ಎಂದರಂತೆ. ಭದ್ರಾವತಿಯ ಕಾರ್ಖಾನೆಯವರು ತಮ್ಮ ಕಥೆಗಳನ್ನು ತಮ್ಮ ಭಾಷೆಯಲ್ಲಿ ಹೇಳಿದರು. ಅರ್ಧ ಅರ್ಥವಾಯಿತು, ನಗು ಪೂರ್ತಿ ಬಂತು.

ಗಂಟೆ ದಾಟಿತು. ಕೆಲಸದವರು ಆರಾಮಾಗಿ ನಿಂತಿದ್ದಾರೆ. ಒದ್ದಾಟವೆಲ್ಲ ನಮ್ಮದು. ನನ್ನ ಹಿಮ್ಮಡಿ ಉರಿಯುತ್ತಿತ್ತು, ಮೊಣಕಾಲು ನಡುಗುತ್ತಿತ್ತು. ದಿನಸಿ ಅಂಗಡಿಯ ಮಾಲೀಕರು ಕಂಬ ತಬ್ಬಿಕೊಂಡಿದ್ದರು. ಶಿವಶಂಕರಪ್ಪ ಒಂದು ಕಾಲೆತ್ತಿ ಇಳಿಸುವುದು, ಇನ್ನೊಂದು ಎತ್ತುವುದು ಮಾಡುತ್ತಿದ್ದ. ಪಕ್ಕದಲ್ಲಿದ್ದ ಭೂತಪ್ಪ ಬಗ್ಗಿ, “ಬೂಟು ಬಿಚ್ಬಿಡಿ ಸಾವ್ಕಾರ್ರೆ, ಬೆರಳು ಆಡಿಸ್ತಾ ಇರಿ. ನಾವು ಹಂಗೇ ಮಾಡೋದು” ಎಂದ. ಶಿವಶಂಕರಪ್ಪ ಬೂಟು ಬಿಚ್ಚಿದ! ಕಾಲುಚೀಲದಲ್ಲಿ ತೂತಿತ್ತು.

ಇನ್ನೂ ಐದಾರು ಜನ ಮಾತಾಡುವವರಿದ್ದಾರೆ ಎಂದು ನಾನು ಹೇಳಿದ್ದೇ ತಡ, ಅವನು ಎರಡೂ ಕೈ ಎತ್ತಿ ಕೂಗಿದ.

“ಸಾಕು ಮಾರಾಯ್ರೆ, ನಿಮ್ಮ ಕಾಲಿಗೆ ಬೀಳ್ತೀನಿ! ಒಂದು ಸಂಜೆ ನಿಂತಿದ್ದಕ್ಕೇ ನನ್ನ ಜೀವ ಹೋಗ್ತಿದೆ. ಆ ಸ್ಟೂಲಿನ ಠರಾವು ಇಲ್ಲ, ಗಿರಾವು ಇಲ್ಲ. ಇದ್ದ ಸ್ಟೂಲು ಇದ್ದಲ್ಲೇ ಇರ್ಲಿ, ನಾನಿದ್ರೂ ಇರ್ಲಿ, ಇಲ್ದಿದ್ರೂ ಇರ್ಲಿ. ಈಗ ದಯವಿಟ್ಟು ಎಲ್ಲಾರೂ ಕೂತ್ಕೊಳ್ಳಿ. ನೀವು ಕೂತ್ರೆ ನಾನೂ ಕೂರ್ತೀನಿ!”

ಹುಸೇನರು ನನ್ನ ಮುಖ ನೋಡಿದರು. “ಕೂತ್ಕೊಳ್ಳಿ” ಎಂದೆ. ಅವರು ಮುಂದಿನ ಸಾಲಿಗೆ ಬಂದು ಒಂದು ಕುರ್ಚಿಯಲ್ಲಿ ಕೂತರು. ಆಮೇಲೆ ಕುರ್ಚಿಗಳು ದಡಬಡ ಎಂದವು ನೋಡಿ! ಮಾಲೀಕನ ಪಕ್ಕ ಕೆಲಸದವನು, ಕೆಲಸದವನ ಪಕ್ಕ ಮಾಲೀಕ, ಸಿಕ್ಕಸಿಕ್ಕ ಕಡೆ ಕೂತರು. ಎಲ್ಲರೂ ಕೂತ ಮೇಲೆ ಅಖ್ತರ್ ಬೀ ಸೆರಗು ಸರಿಮಾಡಿಕೊಂಡು ಕೂತರು. ಚಪ್ಪಾಳೆ ಬಿತ್ತು. ಕೂತವರಿಗೆ ಚಪ್ಪಾಳೆ ಹೊಡೆದದ್ದನ್ನು ನಾನು ನೋಡಿದ್ದು ಇದೇ ಮೊದಲು.

ನಿಂತವನು ನಾನೊಬ್ಬನೇ. ಭದ್ರಾವತಿಯ ಗುಂಪನ್ನು ನಾನು ಲೆಕ್ಕ ಹಿಡಿದಿರಲಿಲ್ಲ, ಕುರ್ಚಿ ಒಂದು ಕಡಿಮೆ ಬಿದ್ದಿತ್ತು. ಭೂತಪ್ಪ ಓಡಿಹೋಗಿ ನಮ್ಮ ಅಂಗಡಿ ಬಾಗಿಲು ತೆಗೆಸಿ ಹುಸೇನರ ಸ್ಟೂಲು ಹೊತ್ತು ತಂದ. ಇಡೀ ಸಭೆಯ ಎದುರು ನನ್ನ ಹಿಂದೆ ಇಟ್ಟ. ಕಾಲು ಸೋತಿತ್ತು, ಯೋಚನೆ ಮಾಡದೆ ಕೂತೆ.

ಸ್ಟೂಲು ಕಟಕ್ಕೆಂದು ಒಂದು ಕಡೆಗೆ ವಾಲಿತು. ಬೀಳುವವನಿದ್ದೆ. ಒಂದು ಕಾಲು ಗಿಡ್ಡ!

“ಎಡಗಡೆ ಭಾರ ಹಾಕಿ ಯಜಮಾನ್ರೆ, ಆಗ ನಿಲ್ಲತ್ತೆ” ಎಂದರು ಹುಸೇನರು ಮೆಲ್ಲಗೆ.

“ಮೊದಲಿಂದ್ಲೂ ಹೀಗೇನಾ?”

“ತಂದ ದಿನದಿಂದ.”

ಬೆರಳಿನಿಂದ ತಟ್ಟಿ ನೋಡಿದ್ದು, “ನೀವೊಂದು ಸಲ ಕೂತು ನೋಡಿ” ಎಂದು ವರ್ಷಗಟ್ಟಲೆ ಕೇಳಿದ್ದು. ಸಾಹೇಬರಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ದರೆ ನಾನು ಕೂಗಾಡುತ್ತಿದ್ದೆ, ಅದೂ ಗೊತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ವಾಲುವ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ವೇದಿಕೆಯ ಮೇಲಿಂದ ಅಖ್ತರ್ ಬೀ ಕೇಳಿದರು: “ಕೂತ್ರಾ ಭಾಯಿ?”

“ಕೂತೆ ತಾಯಿ” ಎಂದೆ.

ಮಾರ್ಚ್ 4, ಸೋಮವಾರ

ಹಿಮ್ಮಡಿ ನೋವು. ಜಗದಾಂಬಾ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಳು. ಬಾಯಿಗಿಲ್ಲದ ಉಪ್ಪು ಕಾಲಿಗೆ ಸಿಕ್ಕಿತು.

ಬಡಗಿ ಮುರುಗೇಶಪ್ಪನಿಗೆ ಹೊಸ ಸ್ಟೂಲುಗಳನ್ನು ಹೇಳಿದೆ. ಸಾಗುವಾನಿಯದು, ಬೆನ್ನಿಗೆ ಒರಗು ಇರಬೇಕು, ಕಾಲಿಡಲು ಅಡ್ಡಪಟ್ಟಿ ಇರಬೇಕು. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಮುರುಕು ಸಾಮಾನು ಅಂಗಡಿಯಲ್ಲಿದ್ದರೆ ಗಿರಾಕಿ ಏನೆಂದುಕೊಳ್ಳುತ್ತಾರೆ?

ಮಾರ್ಚ್ 16, ಶನಿವಾರ

ಡಾಕ್ಟರು ಒತ್ತಡ ನೋಡಿ ಹುಬ್ಬೇರಿಸಿದರು. ಚೆನ್ನಾಗಿ ಇಳಿದಿದೆಯಂತೆ. “ಏನು ಮಾಡಿದ್ರಿ?” ಎಂದರು. ಉಪ್ಪು ಬಿಟ್ಟದ್ದಕ್ಕೇ ಇರಬೇಕು ಎಂದೆ. ಜಗದಾಂಬಾ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಡೈರಿಯಲ್ಲಿ ಹನ್ನೆರಡು ದಿನದಿಂದ ಏನೂ ಬರೆದಿಲ್ಲ. ಸಿಟ್ಟಿಗೆ ಪುರುಸೊತ್ತಿಲ್ಲ, ಸೀಜನ್.

ಇವತ್ತು ಮುರುಗೇಶಪ್ಪ ಸ್ಟೂಲು ತಂದ. ಹುಸೇನರು ಒಂದನ್ನು ಬೆರಳಿನಿಂದ ತಟ್ಟಿ ನೋಡಿ, ನನ್ನ ಕಡೆ ತಿರುಗಿ, “ನೀವೊಂದು ಸಲ ಕೂತು ನೋಡಿ ಯಜಮಾನ್ರೆ” ಎಂದರು. ಇವರಿಗೂ ಆ ತುಂಟತನ ಅಂಟಿದೆ. ಕೂತು ನೋಡಿದೆ. ನಾಲ್ಕು ಕಾಲೂ ಗಟ್ಟಿಯಾಗಿ ನೆಲ ಹಿಡಿದಿದ್ದವು. ಎದ್ದು, “ಈಗ ನೀವು” ಎಂದೆ. ಅವರು 'ಪರವಾಗಿಲ್ಲ' ಎನ್ನಲು ಬಾಯಿ ತೆರೆದರು. “ನೀವು ಕೂತ ಮೇಲೆ ಕೂರ್ತೀನಿ” ಎಂದು ಪಕ್ಕದಲ್ಲಿ ನಿಂತುಕೊಂಡೆ. ಬೇರೆ ದಾರಿಯಿಲ್ಲದೆ ಕೂತರು. ಹಳೆಯ ಕುಂಟು ಸ್ಟೂಲನ್ನು ಭೂತಪ್ಪ ಸೌದೆಗೆ ಒಯ್ಯುತ್ತಿದ್ದ. ಕಿತ್ತುಕೊಂಡು ಗಲ್ಲಾದಲ್ಲಿ ನನಗೇ ಇಟ್ಟುಕೊಂಡಿದ್ದೇನೆ. ಎಡಗಡೆ ಭಾರ ಹಾಕಿದರೆ ಏನೂ ತೊಂದರೆಯಿಲ್ಲ.

ಅಷ್ಟರಲ್ಲಿ ಭದ್ರಾವತಿಯ ಕಡೆಯವರು ಮದುವೆ ಸೀರೆಗೆ ಬಂದರು. ಹುಸೇನರು ಏಳಲು ಹೋದರು. ಹೆಗಲ ಮೇಲೆ ಕೈಯಿಟ್ಟು ಕೂರಿಸಿದೆ. ನಾನೇ ಕೌಂಟರಿನ ಹಿಂದೆ ನಿಂತು ಹಸಿರಂಚಿನದು, ನೇರಳೆಯದು, ಒಂದೊಂದೇ ಬಿಚ್ಚಿ ತೋರಿಸಿದೆ. ವರ್ಷಗಟ್ಟಲೆ ಗಲ್ಲಾದಲ್ಲಿ ಕೂತವನಿಗೆ ಮಡಚಲು ಎಲ್ಲಿ ಬರಬೇಕು? ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಮದುಮಗಳ ತಾಯಿ ನೋಡುವಷ್ಟು ಹೊತ್ತು ನೋಡಿ ನಕ್ಕುಬಿಟ್ಟಳು.

“ಹೊಸದಾಗಿ ಸೇರಿದ್ದೀರಾ?”

ಭೂತಪ್ಪನ ಕೈಯಲ್ಲಿದ್ದ ದಾರದುಂಡೆ ಕೆಳಗೆ ಬಿತ್ತು. ಹುಸೇನರು ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

“ಹೌದಮ್ಮ, ಹೊಸಬ” ಎಂದೆ.